ತೂಕ ಇಳಿಸಬೇಕಾದದ್ದು ಸೊಸೆಯೊಬ್ಬಳೇ ಅಲ್ಲ

ಮದುವೆಯಾಗಿ ಒಂದು ವರ್ಷ ಕಳೆದರೆ ಸಾಕು, ನಮ್ಮ ಮನೆಗಳಲ್ಲಿ ಪ್ರಶ್ನೆ ಶುರು. "ವಿಶೇಷ ಏನಾದರೂ ಉಂಟಾ?" ಇಲ್ಲ ಎಂದರೆ ಕೇಳಿದವರ ಕಣ್ಣು ಸೊಸೆಯ ಮೈಮೇಲೆ ಓಡುತ್ತದೆ. ಡಾಕ್ಟರು ಪಿಸಿಒಎಸ್ ಎಂದು ಬರೆದುಕೊಟ್ಟರಂತೂ ತೀರ್ಪು ಆಗಿಯೇ ಹೋಯಿತು: "ಅವಳು ದಪ್ಪ, ಅದಕ್ಕೇ ಆಗಲಿಲ್ಲ. ಮೊದಲು ತೂಕ ಇಳಿಸಲಿ."

ತೂಕದ ಮಾತು ಸುಳ್ಳಲ್ಲ. ಪಿಸಿಒಎಸ್ ಇರುವ ಅನೇಕರ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ದೇಹ ಇನ್ನಷ್ಟು ಇನ್ಸುಲಿನ್ ತಯಾರಿಸುತ್ತದೆ. ಅದು ಹೆಚ್ಚಾದರೆ ಅಂಡಾಶಯದಲ್ಲಿ ಗಂಡು ಹಾರ್ಮೋನು ಏರಿ, ಅಂಡ ಬಲಿತು ಹೊರಬರುವುದು ತಪ್ಪುತ್ತದೆ. ಮುಟ್ಟು 45 ದಿನ, 60 ದಿನ ಎಂದು ಮುಂದೆ ಹೋಗುತ್ತದೆ. ತೂಕ ಹೆಚ್ಚಿರುವವರು ಶೇ. 5ರಿಂದ 10ರಷ್ಟು ಇಳಿಸಿದರೂ ಹಲವರಲ್ಲಿ ಇದು ಸುಧಾರಿಸುತ್ತದೆ. 80 ಕಿಲೋ ಇದ್ದವಳಿಗೆ ಅದು 4ರಿಂದ 8 ಕಿಲೋ, ಅಷ್ಟೆ. ಮದುವೆಯ ಫೋಟೋದಲ್ಲಿದ್ದ ಹಾಗೆ ಆಗಬೇಕೆಂದು ಯಾವ ಡಾಕ್ಟರೂ ಹೇಳಿಲ್ಲ. ತೆಳ್ಳಗಿರುವ ಹುಡುಗಿಯರಿಗೂ ಪಿಸಿಒಎಸ್ ಬರುತ್ತದೆ ಎಂಬುದೂ ನೆನಪಿರಲಿ.

ನನ್ನ ತಕರಾರು ಬೇರೆ. ಈ 4 ಕಿಲೋ ಇಳಿಯಬೇಕಾದದ್ದು ಯಾವ ಅಡುಗೆಮನೆಯಲ್ಲಿ? ಬೆಳಿಗ್ಗೆ ಪತ್ತಿರ್, ಮಧ್ಯಾಹ್ನ ಅನ್ನ, ಸಂಜೆ ಸಕ್ಕರೆ ಚಹಾದ ಜೊತೆ ಕರಿದ ತಿಂಡಿ, ರಾತ್ರಿ ಮತ್ತೆ ಅಕ್ಕಿಯದ್ದೇ. ಎಲ್ಲ ಮಾಡಿ ಬಡಿಸುವವಳೂ ಅವಳೇ, ತಿನ್ನಬಾರದವಳೂ ಅವಳೇ. ನೆಂಟರ ಮನೆಯಲ್ಲಿ ಬಿರಿಯಾನಿ ಕಡಿಮೆ ಹಾಕಿಸಿಕೊಂಡರೆ "ನಮ್ಮ ಊಟ ಸೇರುವುದಿಲ್ಲವಾ?" ಎಂದು ಬೇಸರ. ಹಾಕಿಸಿಕೊಂಡರೆ "ಹೀಗೆ ತಿಂದರೆ ಮಕ್ಕಳಾಗುವುದು ಹೇಗೆ?" ಎಂದು ಪಿಸುಮಾತು. ಗಂಡಸರಿಗೆ ರಾತ್ರಿ ಹತ್ತಕ್ಕೂ ಟರ್ಫ್ ಉಂಟು. ಅವಳು ಫಜ್ರ್ ಆದ ಮೇಲೆ ರಸ್ತೆಯಲ್ಲಿ ಅರ್ಧ ಗಂಟೆ ನಡೆದರೆ ಮೂರು ಮನೆಯವರಿಗೆ ಅದೇ ಮಾತು.

ಗಲ್ಫ್ ಮನೆಗಳ ಲೆಕ್ಕ ನೋಡಿ. ವರ್ಷಕ್ಕೆ 40 ದಿನ ರಜೆ. ಹೆಂಡತಿಯ ಮುಟ್ಟು 60 ದಿನಕ್ಕೊಮ್ಮೆ. ಗಂಡ ಬಂದು ಹೋಗುವುದರೊಳಗೆ ಒಂದು ಸಲವೂ ಅಂಡ ಬಿಡುಗಡೆ ಆಗದೇ ಇರಬಹುದು. ಮೂರು ರಜೆ ಸೇರಿಸಿದರೆ ಒಟ್ಟಿಗೆ ಇದ್ದದ್ದು ನಾಲ್ಕೇ ತಿಂಗಳು. ನಾವು ಮಾತ್ರ "ಮೂರು ವರ್ಷವಾದರೂ ಆಗಲಿಲ್ಲ" ಎನ್ನುತ್ತೇವೆ!

ಬೇರೆಯವರನ್ನು ಮಾತ್ರ ಬೈಯುತ್ತಿಲ್ಲ. ನಮಗೂ ಡಾಕ್ಟರು ಇಬ್ಬರಿಗೂ ಪರೀಕ್ಷೆ ಬರೆದಿದ್ದರು. ನನ್ನ ಹೆಂಡತಿ ಒಂದೇ ವಾರದಲ್ಲಿ ರಕ್ತ ಕೊಟ್ಟು ಸ್ಕ್ಯಾನ್ ಮುಗಿಸಿದಳು. ನಾನು ವೀರ್ಯ ಪರೀಕ್ಷೆಗೆ ಐದು ತಿಂಗಳು ತಳ್ಳಿದೆ. ಅಂಗಡಿಯಲ್ಲಿ ಕೆಲಸ, ಉಪ್ಪನಿಗೆ ಹುಷಾರಿಲ್ಲ, ಹಬ್ಬ ಬಂತು. ನಿಜ ಹೇಳಬೇಕೆಂದರೆ ಹೆದರಿಕೆ. ಆ ಐದು ತಿಂಗಳೂ ಚುಚ್ಚುಮಾತು ಕೇಳಿದ್ದು ಅವಳು. ಮಕ್ಕಳಾಗದ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಗಂಡಸಿನ ಬೊಜ್ಜು, ಸಿಗರೇಟು ವೀರ್ಯದ ಗುಣವನ್ನು ಕೆಡಿಸಬಲ್ಲವು. ನನ್ನ ಹೊಟ್ಟೆಯನ್ನು ಯಾವ ಅತ್ತೆಯೂ ಅಳೆಯಲಿಲ್ಲ.

"ಇದು ಹೆಂಗಸರ ವಿಷಯ, ಬ್ಲಾಗಿನಲ್ಲಿ ಬರೆಯುವುದಾ?" ಎನ್ನುವವರಿದ್ದಾರೆ. ಮದುವೆ ಮನೆಯಲ್ಲಿ ಹತ್ತು ಜನರ ಮುಂದೆ ಅವಳ ತೂಕದ ಮಾತಾಡುವಾಗ ಈ ನಾಚಿಕೆ ಎಲ್ಲಿತ್ತು?

ಮಾಡಬೇಕಾದದ್ದು ದೊಡ್ಡದೇನಲ್ಲ. ಸೊಸೆಗೆ ಬೇರೆ ಪಾತ್ರೆ ಇಡಬೇಡಿ. ಮನೆಯವರೆಲ್ಲರ ಬಟ್ಟಲಲ್ಲೂ ಅನ್ನ ಕಡಿಮೆಯಾಗಲಿ. ತರಕಾರಿ, ಕಾಳು, ಮೀನು ಹೆಚ್ಚಾಗಲಿ. ಸಕ್ಕರೆ ನಮಗೂ ಒಳ್ಳೆಯದಲ್ಲ. ಗಂಡನೂ ಜೊತೆಗೆ ನಡೆಯಲಿ: ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ, 150 ನಿಮಿಷ. ಅವನ ಪರೀಕ್ಷೆ ಮೊದಲ ತಿಂಗಳೇ ಆಗಲಿ. ವಾಟ್ಸಾಪಿನಲ್ಲಿ ಬರುವ ತೂಕ ಇಳಿಸುವ ಪುಡಿ ಬೇಡ, ಉಪವಾಸ ಕೆಡವುವ ಡಯಟ್ಟೂ ಬೇಡ. ತೂಕ ಇಳಿದ ಮೇಲೆ ನೋಡೋಣ ಎಂದು ವರ್ಷಗಟ್ಟಲೆ ಡಾಕ್ಟರನ್ನು ಮುಂದೂಡಬೇಡಿ. ಅಂಡ ಬಿಡುಗಡೆಗೆ ಲೆಟ್ರೊಜೋಲ್‌ನಂಥ ಮಾತ್ರೆಗಳಿವೆ, ಡಾಕ್ಟರೇ ನೋಡಿ ಕೊಡುತ್ತಾರೆ. 35 ದಾಟಿದವರಿಗೆ ಕಾಯುವ ಸಮಯವೂ ಇಲ್ಲ.

ಇದ್ಯಾವುದೂ ಆಗದಿದ್ದರೆ ಒಂದನ್ನಾದರೂ ಮಾಡಿ. ಮುಂದಿನ ಮದುವೆಯಲ್ಲಿ "ವಿಶೇಷ ಉಂಟಾ?" ಎಂದು ಅವಳನ್ನು ಕೇಳಬೇಡಿ. ಕೇಳಲೇಬೇಕೆಂದಿದ್ದರೆ ಗಂಡನನ್ನು ಕೇಳಿ: "ನಿನ್ನ ಪರೀಕ್ಷೆ ಆಯಿತಾ?"