ನಾಯಿ, ಕೋಳಿಗೂ ಸಂಘದ ಲಸಿಕೆ ಶಿಬಿರದಲ್ಲಿ ಜಾಗ ಕೊಡಿ

ಕಾಲುಬಾಯಿ ಜ್ವರದ ಲಸಿಕೆ ಸುತ್ತು ಬಂತೆಂದರೆ ನಾವು ಮನೆಮನೆಗೆ ಬರುತ್ತೇವೆ. ರಾಸಿನ ಕಿವಿಯಲ್ಲಿರುವ 12 ಅಂಕಿಯ ಓಲೆ ನೋಡಿ, ಮೊಬೈಲ್‌ನಲ್ಲಿ ದಾಖಲು ಮಾಡಿ, ಲಸಿಕೆ ಹಾಕಿ ಮುಂದಿನ ಕೊಟ್ಟಿಗೆಗೆ ಹೋಗುತ್ತೇವೆ. ಅದೇ ಕೊಟ್ಟಿಗೆಯ ಬಾಗಿಲಲ್ಲಿ ಒಂದು ನಾಯಿ ಮಲಗಿರುತ್ತದೆ. ಗೋದಲಿಯ ಕೆಳಗೆ ಉದುರಿದ ಹಿಂಡಿ, ಬೂಸಾ ಹೆಕ್ಕುತ್ತ ಐದಾರು ನಾಟಿ ಕೋಳಿಗಳು ಓಡಾಡುತ್ತಿರುತ್ತವೆ. ಇವುಗಳಿಗೆ ಓಲೆಯೂ ಇಲ್ಲ, ಯಾವ ಪುಸ್ತಕದಲ್ಲೂ ಲೆಕ್ಕವಿಲ್ಲ. ಹಾಲಿನ ಸಂಘದ ಆರೋಗ್ಯ ಶಿಬಿರದಲ್ಲಿ ಈ ಎರಡಕ್ಕೂ ಜಾಗ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಪ್ರಾಣಿದಯೆಯ ಮಾತು ಹಾಗಿರಲಿ, ಹಸುವಿನ ಲೆಕ್ಕದಲ್ಲೇ ಇದನ್ನು ಹೇಳುತ್ತೇನೆ.

ಮೊದಲು ನಾಯಿಯ ವಿಷಯ. "ಡಾಕ್ಟ್ರೇ, ಹಸು ಗಂಟಲಲ್ಲಿ ಏನೋ ಸಿಕ್ಕಿಕೊಂಡಂಗಿದೆ, ನೀರೂ ಕುಡೀತಿಲ್ಲ, ಒಂದೇ ಸಮ ಜೊಲ್ಲು ಸುರೀತಿದೆ" ಎಂದು ಕರೆ ಬಂದರೆ ನಾವು ತಿರುಗಿ ಕೇಳುವ ಮೊದಲ ಪ್ರಶ್ನೆ, "ಬಾಯೊಳಗೆ ಕೈ ಹಾಕಿದ್ರಾ?" ಎಷ್ಟೋ ಸಲ ಹಾಕಿಯೇ ಆಗಿರುತ್ತದೆ. ಮಾವಿನ ವಾಟೆ ಸಿಕ್ಕಿದೆಯೇನೋ ಎಂದು ಮನೆಯ ಯಜಮಾನರು ಒಮ್ಮೆ, ಮಗ ಒಮ್ಮೆ, ಪಕ್ಕದ ಮನೆಯವರು ಒಮ್ಮೆ ಕೈ ಹಾಕಿ ತಡಕಿರುತ್ತಾರೆ. ವಾಟೆ ಸಿಕ್ಕಿದ್ದರೆ ಪುಣ್ಯ. ಆದರೆ ಹುಚ್ಚುನಾಯಿ ರೋಗ, ಅಂದರೆ ರೇಬೀಸ್ ಹಿಡಿದ ಹಸುವೂ ಹೀಗೆಯೇ ಕಾಣುತ್ತದೆ. ಗಂಟಲಿನ ಸ್ನಾಯು ಸೋತು ನುಂಗಲಾರದೆ ಜೊಲ್ಲು ಸುರಿಸುತ್ತದೆ. ಆ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ಹುಲ್ಲು ಕೊಯ್ದ ಕೈಯಲ್ಲಿ ಗೀರುಗಾಯ ಇಲ್ಲದ ರೈತ ಯಾರಿದ್ದಾರೆ?

ಇನ್ನು ಕೆಲವು ಹಸುಗಳು ಗೊಗ್ಗರು ದನಿಯಲ್ಲಿ ಬಿಡದೆ ಒರಲುತ್ತವೆ, ಪಕ್ಕದ ರಾಸಿನ ಮೇಲೆ ಹತ್ತಲು ಹೋಗುತ್ತವೆ. ಬೆದೆಗೆ ಬಂದಿದೆ ಎಂದು ಕೃತಕ ಗರ್ಭಧಾರಣೆ ಮಾಡುವವರನ್ನು ಕರೆಸುವುದೂ ಉಂಟು. ನಾಯಿ ಕಚ್ಚಿ ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳೇ ಕಳೆದಿರುವುದರಿಂದ ಕಚ್ಚಿದ್ದು ಯಾರ ನೆನಪಿನಲ್ಲೂ ಇರುವುದಿಲ್ಲ. ಮೇಯಲು ಬಿಟ್ಟಾಗ ಕಚ್ಚಿದ್ದರೆ ಯಾರೂ ನೋಡಿಯೇ ಇರುವುದಿಲ್ಲ. ಲಕ್ಷಣ ಕಂಡ ಮೇಲೆ ಇದಕ್ಕೆ ಔಷಧವಿಲ್ಲ. ಸಾಮಾನ್ಯವಾಗಿ ವಾರದೊಳಗೆ ರಾಸು ಸಾಯುತ್ತದೆ.

ಆಮೇಲೆ ಹಾಲಿನ ಚಿಂತೆ ಶುರುವಾಗುತ್ತದೆ. ಕಾಯಿಸಿದ ಹಾಲಿನಿಂದ ರೇಬೀಸ್ ಹರಡುವುದಿಲ್ಲ, ಕಾಯಿಸಿದರೆ ವೈರಸ್ ಸಾಯುತ್ತದೆ. ಹಸಿ ಹಾಲು ಕುಡಿದವರು, ಹಸುವಿನ ಬಾಯಿಗೆ ಕೈ ಹಾಕಿದವರು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1996 ಮತ್ತು 1998ರಲ್ಲಿ ರೇಬೀಸ್ ಬಂದ ಹಸುಗಳ ಹಸಿ ಹಾಲು ಕುಡಿದಿದ್ದ ಹತ್ತಾರು ಜನರಿಗೆ ಮುನ್ನೆಚ್ಚರಿಕೆಯ ಲಸಿಕೆ ಹಾಕಿದ್ದು ದಾಖಲಾಗಿದೆ. ಅನುಮಾನ ಬಂದ ರಾಸಿನ ಹಾಲನ್ನು ಸಂಘಕ್ಕೂ ಹಾಕಬಾರದು, ಕರುವಿಗೂ ಕುಡಿಸಬಾರದು.

ನಾಯಿ ಕಚ್ಚಿದ್ದು ಕಣ್ಣಿಗೆ ಬಿದ್ದರೆ ಮಾತ್ರ ಹಸು ಉಳಿಯುತ್ತದೆ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ, ಕೈಗೆ ಗ್ಲೌಸ್ ಇರಲಿ. ಸುಣ್ಣ, ಅರಿಶಿನ, ಖಾರದ ಪುಡಿ ಬೇಡ. ಆ ದಿನವೇ ಲಸಿಕೆ ಶುರು ಮಾಡಿ 3, 7, 14, 28ನೇ ದಿನ ಮುಂದುವರಿಸಬೇಕು. ಐದು ಚುಚ್ಚುಮದ್ದು, ಐದು ಸಲ ವೈದ್ಯರ ಓಡಾಟ. ಅದೇ ಊರಿನ ನಾಯಿಗೆ ವರ್ಷಕ್ಕೊಂದು ಚುಚ್ಚುಮದ್ದು ಹಾಕಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

"ಬೀದಿ ನಾಯಿಗೆಲ್ಲ ಲಸಿಕೆ ಹಾಕೋದು ಆಗುವ ಮಾತಾ ಸಾರ್?" ಎನ್ನುವವರಿಗೆ ನಾನು ಪಕ್ಕದ ಗೋವಾ ತೋರಿಸುತ್ತೇನೆ. 2013ರಿಂದ 2019ರವರೆಗೆ ಅಲ್ಲಿ ನಡೆದ ಕೆಲಸದ ವರದಿ 2022ರಲ್ಲಿ 'ನೇಚರ್ ಕಮ್ಯುನಿಕೇಶನ್ಸ್' ಪತ್ರಿಕೆಯಲ್ಲಿ ಬಂದಿದೆ. ಲಸಿಕೆ ತಂಡಗಳು ಮೊಬೈಲ್ ನಕ್ಷೆ ಹಿಡಿದು ಬೀದಿಬೀದಿ ಸುತ್ತಿ 95,000ಕ್ಕೂ ಹೆಚ್ಚು ನಾಯಿಗಳಿಗೆ ಲಸಿಕೆ ಹಾಕಿದವು. ನೂರು ನಾಯಿಯಲ್ಲಿ ಎಪ್ಪತ್ತಕ್ಕೆ ಲಸಿಕೆ ಮುಟ್ಟಿತು. ನಾಯಿಗಳಲ್ಲಿ ರೇಬೀಸ್ ಪ್ರಕರಣ ಶೇ 92ರಷ್ಟು ಇಳಿಯಿತು, ಮನುಷ್ಯರು ರೇಬೀಸ್‌ನಿಂದ ಸಾಯುವುದು ನಿಂತಿತು. ಎಲ್ಲ ನಾಯಿಗೂ ಹಾಕಬೇಕಾಗಿಲ್ಲ ಎಂಬುದನ್ನು ಗಮನಿಸಿ. ಎಪ್ಪತ್ತಕ್ಕೆ ಹಾಕಿದರೆ ರೋಗಕ್ಕೆ ದಾಟಿಕೊಳ್ಳಲು ಮುಂದಿನ ನಾಯಿ ಸುಲಭವಾಗಿ ಸಿಗುವುದಿಲ್ಲ, ಸರಪಳಿ ಕಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣವೂ ಅದೇ.

ಪಟ್ಟಣಕ್ಕಿಂತ ನಮ್ಮ ಹಳ್ಳಿಗಳಲ್ಲಿ ಈ ಕೆಲಸ ಸುಲಭ ಎನ್ನುವುದು ನನ್ನ ಅನಿಸಿಕೆ. ಕೊರಳಲ್ಲಿ ಪಟ್ಟಿ ಇಲ್ಲದಿರಬಹುದು, ಆದರೆ ಯಾವ ನಾಯಿ ಯಾರ ಮನೆಯ ಮುದ್ದೆ ತಿಂದು ಬದುಕುತ್ತದೆ ಎಂಬುದು ಊರಿಗೇ ಗೊತ್ತು. ಅನ್ನ ಹಾಕುವ ಅಕ್ಕನೋ ಅಜ್ಜಿಯೋ ಕರೆದರೆ ಬಾಲ ಅಲ್ಲಾಡಿಸುತ್ತ ಬರುತ್ತದೆ. ಬಲೆ ಬೇಕಾಗುವುದು ಉಳಿದ ನಾಲ್ಕಾರಕ್ಕೆ.

ರೇಬೀಸ್ ಒಂದೇ ಅಲ್ಲ. ಐದಾರು ತಿಂಗಳ ಗಬ್ಬದ ಹಸು ಕಂದು ಹಾಕಿದರೆ ನಾವು ಬ್ರುಸೆಲ್ಲಾ ಇರಬಹುದೆಂದು ನೋಡುತ್ತೇವೆ, ಸರಿಯೇ. ನಿಯೋಸ್ಪೊರಾ ಎಂಬ ಇನ್ನೊಂದು ಸೂಕ್ಷ್ಮ ಪರೋಪಜೀವಿಯೂ ಇದೇ ಕೆಲಸ ಮಾಡುತ್ತದೆ. ಇದನ್ನು ಗುರುತಿಸಿ ಹೆಸರಿಟ್ಟದ್ದು 1988ರಲ್ಲಿ. ಹತ್ತು ವರ್ಷಗಳ ನಂತರ, 1998ರಲ್ಲಿ, ಇದರ ಮೊಟ್ಟೆಗಳು ಹೊರಬರುವುದು ನಾಯಿಯ ಮಲದಲ್ಲಿ ಎಂದು ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಹಸು ಕರು ಹಾಕಿದಾಗ ಬಿದ್ದ ಕಸವನ್ನು (ಮಾಸು) ನಾಯಿ ತಿನ್ನುತ್ತದೆ, ನಾಯಿ ಹುಲ್ಲಿನ ಬಣವೆಯ ಮೇಲೆ ಹೊಲಸು ಮಾಡುತ್ತದೆ, ಆ ಹುಲ್ಲನ್ನು ಹಸು ತಿನ್ನುತ್ತದೆ. ಸುತ್ತು ಪೂರ್ತಿಯಾಯಿತು. ಸೋಂಕು ಒಮ್ಮೆ ಹೊಕ್ಕರೆ ತಾಯಿಯಿಂದ ಗರ್ಭದ ಕರುವಿಗೂ ದಾಟುತ್ತದೆ, ಹಸುವಿನಿಂದ ಅದನ್ನು ತೆಗೆದುಹಾಕುವ ಔಷಧ ನಮ್ಮ ಬಳಿ ಇಲ್ಲ. ನಾಯಿಗೆ ಕಸ ಸಿಗದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದೇ ಉಪಾಯ. ಹಬ್ಬದಲ್ಲಿ ಕುರಿ ಕೊಯ್ದಾಗ ನೀರುಗುಳ್ಳೆ ತುಂಬಿದ ಶ್ವಾಸಕೋಶ, ಈಲಿಯನ್ನು ನಾಯಿಗೆ ಎಸೆಯುವುದೂ ಇದೇ ಜಾತಿಯ ಅಭ್ಯಾಸ. ಆ ಗುಳ್ಳೆಯಿಂದ ನಾಯಿಯ ಹೊಟ್ಟೆಯಲ್ಲಿ ಬೆಳೆಯುವ ಲಾಡಿಹುಳದ ಮೊಟ್ಟೆ ದನಕ್ಕೂ ಬರುತ್ತದೆ, ನಾಯಿಯೊಡನೆ ಆಡುವ ಮಕ್ಕಳಿಗೂ ಬರುತ್ತದೆ. ರೇಬೀಸ್ ಲಸಿಕೆ ಹಾಕುವ ದಿನವೇ ಲಾಡಿಹುಳದ ಮಾತ್ರೆಯನ್ನೂ ಕೊಟ್ಟರೆ ಎರಡು ಕೆಲಸ ಒಂದೇ ಓಡಾಟದಲ್ಲಿ ಮುಗಿಯುತ್ತದೆ.

ಈಗ ಕೋಳಿ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 31.7 ಕೋಟಿ ಹಿತ್ತಲ ಕೋಳಿಗಳಿವೆ, 2012ಕ್ಕಿಂತ ಶೇ 46ರಷ್ಟು ಹೆಚ್ಚು. ಹಾಲಿನ ಬಟವಾಡೆ ಯಾರ ಖಾತೆಗೇ ಬರಲಿ, ಕೋಳಿ, ಮೊಟ್ಟೆಯ ದುಡ್ಡು ಮಾತ್ರ ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳದ್ದು. ಮಗುವಿನ ನೋಟ್ ಪುಸ್ತಕ, ಆಸ್ಪತ್ರೆಯ ಬಸ್ ಚಾರ್ಜು, ಚೀಟಿ ಕಂತು ಅಲ್ಲಿಂದ ಹೊರಡುತ್ತದೆ. ಆ ದುಡ್ಡನ್ನು ಒಂದೇ ವಾರದಲ್ಲಿ ಗುಡಿಸಿ ಹಾಕುವುದು ಕೊಕ್ಕರೆ ರೋಗ. ಬಿಳಿ-ಹಸಿರು ಬೇಧಿ, ಬಾಯಿ ಕಳೆದು ಉಸಿರಾಟ, ಕೊನೆಗೆ ಕತ್ತು ತಿರುಚಿಕೊಂಡು ಬೀಳುವುದು. ಇದರ ಇನ್ನೊಂದು ಹೆಸರು ರಾಣಿಖೇತ್. ನಮ್ಮದೇ ಹಿಮಾಲಯದ ಕುಮಾವೂ ಸೀಮೆಯ ಊರಿನ ಹೆಸರು ಅದು. ಸುಮಾರು ನೂರು ವರ್ಷ ಹಳೆಯ ಪರಿಚಯ, ಲಸಿಕೆಯೂ ದಶಕಗಳಿಂದ ಇದೆ, ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲೇ ತಯಾರಾಗುತ್ತದೆ. ಆದರೂ "ಊರಿಗೆ ಗಾಳಿ ಬಂತು" ಎಂದು ಮಂಕರಿ ಖಾಲಿ ಮಾಡಿಕೊಂಡು ಕೂರುತ್ತೇವೆ.

ಕಾರಣ ರೈತರ ಅಸಡ್ಡೆ ಎಂದು ನಾನು ಒಪ್ಪುವುದಿಲ್ಲ. ತೊಡಕು ಸೀಸೆಯಲ್ಲಿದೆ. ಲಸಿಕೆಯ ಸೀಸೆ ಫಾರಂ ಕೋಳಿಯ ಲೆಕ್ಕದಲ್ಲಿ ನೂರು, ಇನ್ನೂರು ಡೋಸ್‌ನದ್ದು. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿಯವರೆಗೂ ತಣ್ಣಗಿಟ್ಟಿರಬೇಕು. ಎಂಟು ಕೋಳಿ ಇರುವ ಮನೆಗೆ ಅದು ಆಗದ ಮಾತು. ಮೂವತ್ತು ಮನೆ ಸೇರಿದರೆ ಮಾತ್ರ ಆಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ ಮತ್ತು ಜೊತೆಗಾರರು ಈ ತೊಡಕನ್ನೇ ಎದುರಿಗಿಟ್ಟುಕೊಂಡು ಸ್ವಲ್ಪ ಬಿಸಿ ತಡೆಯುವ 'ಐ-2' ಎಂಬ ಲಸಿಕೆ ತಳಿ ರೂಪಿಸಿದರು. ಮೊಜಾಂಬಿಕ್, ತಾಂಜಾನಿಯಾದ ಹಳ್ಳಿಗಳಲ್ಲಿ ಅದನ್ನು ಕಣ್ಣಿಗೆ ಒಂದು ಹನಿ ಬಿಡುವವರು ಊರಿನವರೇ, ಅವರಲ್ಲಿ ಹೆಂಗಸರೂ ಬಹಳ. ನಾಲ್ಕು ತಿಂಗಳಿಗೊಮ್ಮೆ, ಊರಿಗೆಲ್ಲ ಒಟ್ಟಿಗೆ, ಕೋಳಿಗಿಷ್ಟು ಎಂದು ಚಿಲ್ಲರೆ ಕಾಸು ಪಡೆದು. ಆ ಲಸಿಕೆಯನ್ನೇ ತರಿಸಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿಂದ ಕಲಿಯಬೇಕಾದ್ದು ಊರು ಒಟ್ಟಾಗಿ ಒಂದೇ ದಿನ ಹಾಕಿಸುವ ಪದ್ಧತಿಯನ್ನು.

ಹೀಗೆ ಊರು ಒಟ್ಟಾಗುವ ಜಾಗ ನಮ್ಮಲ್ಲಿ ಆಗಲೇ ಇದೆ. ಬೆಳಿಗ್ಗೆ ಆರಕ್ಕೂ ಸಂಜೆ ಐದಾರಕ್ಕೂ ಕ್ಯಾನು ಹಿಡಿದು ಮನೆಗೊಬ್ಬರು ಡೇರಿ ಮುಂದೆ ನಿಲ್ಲುತ್ತಾರೆ. "ನಾಳೆ ಬೆಳಿಗ್ಗೆ ಕೋಳಿ ಬಿಡಬೇಡಿ, ಮಂಕರಿಯಲ್ಲೇ ಇರಲಿ" ಎಂದು ಕಾರ್ಯದರ್ಶಿಯವರು ಒಂದು ಮಾತು ಹೇಳಿದರೆ ಸಾಕು, ತಮಟೆ ಸಾರುವುದು ಬೇಡ. ಮರಿಗಳಿಗೆ ಮೊದಲ ವಾರ ಕಣ್ಣು ಅಥವಾ ಮೂಗಿಗೆ ಹನಿ, ಆರರಿಂದ ಎಂಟು ವಾರಕ್ಕೆ ಆರ್2ಬಿ ಚುಚ್ಚುಮದ್ದು. ಹನಿ ಹಾಕುವುದನ್ನು ಸ್ತ್ರೀಶಕ್ತಿ ಸಂಘದ ಇಬ್ಬರಿಗೆ ಒಂದು ಬೆಳಿಗ್ಗೆಯಲ್ಲಿ ಕಲಿಸಬಹುದು. ಒಂದೇ ಎಚ್ಚರಿಕೆ, ರೋಗ ಊರೊಳಗೆ ಬಂದ ಮೇಲೆ ಹಾಕಿಸಿ ಪ್ರಯೋಜನ ಕಡಿಮೆ. ಹಾಗೆಯೇ ಸಾಯುತ್ತಿರುವ ಕೋಳಿಯನ್ನು ಸಂತೆಗೆ ಒಯ್ಯುವುದು, ಸತ್ತದ್ದನ್ನು ನಾಯಿಗೆ ಎಸೆಯುವುದು ಬೇಡ. ನಾಯಿ ಅದನ್ನು ಎಳೆದುಕೊಂಡು ಮುಂದಿನ ಬೀದಿಗೆ ಹೋಗುತ್ತದೆ.

"ಸಂಘ ಇರೋದು ಹಾಲಿಗೆ, ನಾಯಿ ಕೋಳಿಗಲ್ಲ" ಎಂಬ ಆಕ್ಷೇಪ ಬಂದೇ ಬರುತ್ತದೆ. ಒಕ್ಕೂಟದ ವೈದ್ಯರು ಕಡಿಮೆ, ತುರ್ತು ಕರೆಗಳಿಗೇ ಸಮಯ ಸಾಲದು ಎಂಬುದೂ ನಿಜ, ಅದನ್ನು ದಿನವೂ ಅನುಭವಿಸುವವನು ನಾನೇ. ಆದರೆ ಹೊಸದಾಗಿ ಇನ್ನೊಂದು ಶಿಬಿರ ನಡೆಸಿ ಎಂದು ಕೇಳುತ್ತಿಲ್ಲ. ಬರಡು ರಾಸು ಶಿಬಿರಕ್ಕೆ, ಜಂತುನಾಶಕ ಹಂಚಲು ಹೇಗೂ ಬರುತ್ತೇವೆ. ಆ ದಿನ ಐಸ್ ಪೆಟ್ಟಿಗೆಯಲ್ಲಿ ಇನ್ನೆರಡು ಬಗೆಯ ಸೀಸೆ ಇರಲಿ, ಪಶು ಇಲಾಖೆಯ ಆಸ್ಪತ್ರೆಯವರೂ ಜೊತೆಗೂಡಲಿ ಎನ್ನುತ್ತಿದ್ದೇನೆ. ಹೆಚ್ಚಿನ ಖರ್ಚು ಎಷ್ಟು ಎಂಬುದನ್ನು ಲೆಕ್ಕ ಹಾಕಿ, ಒಂದು ಮಿಶ್ರತಳಿ ಹಸುವಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ.

ಸೆಪ್ಟೆಂಬರ್ ಬಂದರೆ ಬಹುತೇಕ ಸಂಘಗಳ ವಾರ್ಷಿಕ ಮಹಾಸಭೆ. ಅದೇ ತಿಂಗಳ 28ಕ್ಕೆ ವಿಶ್ವ ರೇಬೀಸ್ ದಿನ, ಅಂದು ಹಲವು ಪಶು ಆಸ್ಪತ್ರೆಗಳಲ್ಲಿ ನಾಯಿಗೆ ಉಚಿತ ಲಸಿಕೆ ಇರುತ್ತದೆ. ಬೋನಸ್, ಪಶು ಆಹಾರದ ದರದ ಚರ್ಚೆ ಮುಗಿದ ಮೇಲೆ ಐದು ನಿಮಿಷ ಈ ವಿಷಯಕ್ಕೆ ಕೊಟ್ಟು, ಊರಲ್ಲಿ ಎಷ್ಟು ನಾಯಿ, ಎಷ್ಟು ಮನೆಯಲ್ಲಿ ಕೋಳಿ ಎಂದು ಹಾಲು ಅಳೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಆ ಹಾಳೆಯ ಫೋಟೊ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಗೆ ಕಳಿಸಿದರೆ ಎಷ್ಟು ಸೀಸೆ ತರಬೇಕೆಂದು ನಮಗೆ ಗೊತ್ತಾಗುತ್ತದೆ.