ಮೊದಲು ತೆಗೆದಿಟ್ಟ ಮುಷ್ಟಿ

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಒಂದು ಶನಿವಾರ ದಿನಸಿ ತರಲು ಅವಳ ಜೊತೆ ನಾನೂ ಹೊರಟೆ. ತೊಗರಿಬೇಳೆ, ಸೋನಾ ಮಸೂರಿ, ಮೊಸರಿನ ದೊಡ್ಡ ಡಬ್ಬ, ಮಗಳಿಗೆ ಬಿಸ್ಕತ್ತು, ಬಟ್ಟೆ ಒಗೆಯುವ ಸೋಪಿನ ಪುಡಿ. ಬಿಲ್ಲು 86 ಡಾಲರ್ 40 ಸೆಂಟ್. ಕಾರ್ಡ್ ತಾಗಿಸಿ ಹೊರಬಂದು ಕಾರಿನಲ್ಲಿ ಕೂತ ಮೇಲೆ ಅವಳು ಫೋನ್ ತೆಗೆದು ತೋರಿಸಿದಳು. ಕಾರ್ಡಿನ ಪಾಯಿಂಟಾಗಿ, ನೂರಕ್ಕೆ ಒಂದೂಕಾಲರ ಲೆಕ್ಕದಲ್ಲಿ 1 ಡಾಲರ್ 8 ಸೆಂಟ್ ನಾಲ್ಕು ವರ್ಷದ ಮಗಳ ಕಾಲೇಜು ಖಾತೆಗೆ ಜಮೆ ಆಗಲಿತ್ತು. ಮಗಳಿಗಾಗಿ ಏನೋ ಮಾಡಿದೆ ಎಂಬ ನೆಮ್ಮದಿ ಅವಳ ಮುಖದಲ್ಲಿ ಕಾಣುತ್ತಿತ್ತು. ಮನೆಗೆ ಬಂದು ಡಿಕ್ಕಿ ತೆಗೆದಾಗ ನೋಡಿದೆ, ಸೋಪಿನ ಪುಡಿಯ ಡಬ್ಬ ಎರಡಿದ್ದವು. ಬೇಕಿದ್ದದ್ದು ಒಂದು. ಆ ವಾರ ಅದಕ್ಕೆ ಪಾಯಿಂಟ್ ಹೆಚ್ಚು ಎಂದು ಎರಡನೆಯದೂ ಬಂದಿತ್ತು.

ಆ ಎರಡನೆಯ ಡಬ್ಬದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ತಂಗಿ ದುಂದುಗಾರ್ತಿಯಲ್ಲ, ಲೆಕ್ಕ ಬಲ್ಲವಳು. ಅವಳಂಥವಳ ಕೈಯಲ್ಲೂ ಬೇಡದ ವಸ್ತುವನ್ನು ಮಗಳ ಹೆಸರಿನಲ್ಲಿ ಕೊಳ್ಳಿಸುವ ಏರ್ಪಾಡನ್ನು ಉಳಿತಾಯ ಎನ್ನಬಹುದೇ?

ಅಮೆರಿಕದಲ್ಲಿ ಈ ಯೋಚನೆಗೆ ಎರಡು ದಶಕ ದಾಟಿದೆ. 1996ರಲ್ಲಿ ಅಲ್ಲಿನ ತೆರಿಗೆ ಕಾನೂನಿಗೆ 529ನೇ ಕಲಮು ಸೇರಿತು. ಮಕ್ಕಳ ಓದಿಗೆಂದು ಹಾಕಿದ ಹಣದ ಬೆಳವಣಿಗೆಗೆ, ಅದನ್ನು ಓದಿಗೇ ಬಳಸಿದರೆ, ಈಗ ಕೇಂದ್ರ ತೆರಿಗೆ ಇಲ್ಲ. ಇಂಥ ಖಾತೆಗಳಿಗೆ ಜನ 'ಫೈವ್ ಟ್ವೆಂಟಿನೈನ್' ಎಂದೇ ಹೇಳುತ್ತಾರೆ. 2001ರಲ್ಲಿ ಶುರುವಾದ ಅಪ್‌ಪ್ರಾಮಿಸ್ ಎಂಬ ಕಂಪನಿ ಈ ಖಾತೆಗೂ ಅಂಗಡಿಯ ಕೌಂಟರಿಗೂ ಕೊಂಡಿ ಹಾಕಿತು. ಕಾರ್ಡ್ ನೋಂದಾಯಿಸಿ, ಪಟ್ಟಿಯಲ್ಲಿರುವ ಕಡೆ ಕೊಂಡರೆ ಬೆಲೆಯ ಒಂದು ಚೂರು ಮಗುವಿನ ಹೆಸರಿಗೆ ಬೀಳುತ್ತದೆ. ಬಳಿಕ ಬ್ಯಾಂಕುಗಳೂ ಹೂಡಿಕೆ ಸಂಸ್ಥೆಗಳೂ ಇಂಥದ್ದೇ ಕ್ರೆಡಿಟ್ ಕಾರ್ಡುಗಳನ್ನು ತಂದವು.

ಆ ಚೂರು ಎಷ್ಟಾಗುತ್ತದೆ? ತಿಂಗಳಿಗೆ 1,000 ಡಾಲರ್ ಕಾರ್ಡಿನಲ್ಲಿ ಹೋಗುತ್ತದೆ, ಒಂದೂವರೆ ಶೇಕಡಾ ವಾಪಸು ಬರುತ್ತದೆ ಎಂದುಕೊಳ್ಳಿ. ತಿಂಗಳಿಗೆ 15 ಡಾಲರ್. ಮಗು ಹುಟ್ಟಿದ ತಿಂಗಳಿಂದ 18 ವರ್ಷ ಬಿಡದೆ ಹಾಕಿ, ವರ್ಷಕ್ಕೆ ಶೇ. 5 ಬೆಳೆದರೂ ಕೈಗೆ ಬರುವುದು 5,200 ಡಾಲರ್ ಆಸುಪಾಸು. ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬರೀ ಬೋಧನಾ ಶುಲ್ಕವೇ ಇವತ್ತು ಸರಾಸರಿ ವರ್ಷಕ್ಕೆ 11 ಸಾವಿರ ಡಾಲರ್ ದಾಟಿದೆ. ಖಾಸಗಿ ಕಾಲೇಜುಗಳಲ್ಲಿ 40 ಸಾವಿರಕ್ಕೂ ಮೇಲೆ. ಹದಿನೆಂಟು ವರ್ಷದ ಪಾಯಿಂಟು ಸರ್ಕಾರಿ ಕಾಲೇಜಿನ ಒಂದು ಸೆಮಿಸ್ಟರಿನ ಶುಲ್ಕಕ್ಕೂ ಸಾಲದು. ಇನ್ನು ಕಾರ್ಡಿನಲ್ಲಿ 1,000 ಡಾಲರ್ ಬಾಕಿ ಒಂದು ವರ್ಷ ಉಳಿಯಿತೆನ್ನಿ. ಶೇ. 21ರ ಬಡ್ಡಿ ಅಲ್ಲಿ ಮಾಮೂಲು. ಬಡ್ಡಿ 210 ಡಾಲರ್, ಇಡೀ ವರ್ಷದ ಪಾಯಿಂಟು 180. ಮಗಳ ಖಾತೆಗೆ ಬಂದದ್ದಕ್ಕಿಂತ ಹೆಚ್ಚು ಅಮ್ಮನ ಜೇಬಿನಿಂದ ಹೋಯಿತು.

ಬಾಕಿ ಇಡದವರಿಗೂ ಒಂದು ತೊಡಕಿದೆ. ಎಂಐಟಿಯ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಎಂಬಿಎ ವಿದ್ಯಾರ್ಥಿಗಳಿಗೆ ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟನ್ನು ಹರಾಜಿಗಿಟ್ಟರು. ನಗದು ಕೊಡಬೇಕಾದವರು ಕೂಗಿದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟನ್ನು ಕಾರ್ಡ್ ಬಳಸುವವರು ಕೂಗಿದರು. ನೋಟು ಎಣಿಸಿ ಕೊಡುವಾಗ ಕೈಗೆ ಆಗುವ ಸಂಕಟ ಕಾರ್ಡ್ ತಾಗಿಸುವಾಗ ಆಗುವುದಿಲ್ಲ. ಅದರ ಮೇಲೆ 'ಇದು ಮಗಳ ಓದಿಗೆ' ಎಂಬ ಮಾತೂ ಸೇರಿದರೆ ಉಳಿದಿದ್ದ ಚೂರುಪಾರು ಹಿಂಜರಿಕೆಯೂ ಹೋಗುತ್ತದೆ. ತಾಯ್ತಂದೆಯರ ಅತ್ಯಂತ ಒಳ್ಳೆಯ ಆಸೆಯನ್ನು ಹಿಡಿದು ಮಾಲು ಮಾರುವುದು ಇದು. ನನಗೆ ಇದರಲ್ಲಿ ತುಂಬ ನೋವಿನ ಸಂಗತಿ ಇದೇ.

ಹಣ ಬರುವುದಾದರೂ ಎಲ್ಲಿಂದ? ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಾಗ ಅಂಗಡಿಯವನು ಬೆಲೆಯ ಸುಮಾರು ಎರಡು ಶೇಕಡಾವನ್ನು ಕಾರ್ಡ್ ಜಾಲಕ್ಕೂ ಬ್ಯಾಂಕಿಗೂ ಕೊಡುತ್ತಾನೆ. ಅದನ್ನು ಅವನು ತನ್ನ ಮನೆಯಿಂದ ತರುವುದಿಲ್ಲ, ಸಾಮಾನಿನ ಬೆಲೆಗೆ ಸೇರಿಸುತ್ತಾನೆ. ಆ ಬೆಲೆ ನಗದು ಕೊಡುವವರಿಗೂ ಅದೇ. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದರ ಲೆಕ್ಕ ಹಾಕಿದರು: ನಗದು ಬಳಸುವ ಸರಾಸರಿ ಕುಟುಂಬ ವರ್ಷಕ್ಕೆ 149 ಡಾಲರನ್ನು ಕಾರ್ಡ್ ಬಳಸುವವರಿಗೆ ದಾಟಿಸುತ್ತದೆ, ಕಾರ್ಡ್ ಬಳಸುವ ಕುಟುಂಬಕ್ಕೆ 1,133 ಡಾಲರ್ ಬಂದು ಸೇರುತ್ತದೆ. ಒಳ್ಳೆಯ ಪಾಯಿಂಟಿನ ಕಾರ್ಡ್ ಸಿಗುವುದು ಆದಾಯ ಚೆನ್ನಾಗಿರುವವರಿಗೆ, ನಗದನ್ನೇ ನೆಚ್ಚಿರುವುದು ಬಹುಪಾಲು ಬಡವರು. ಅದೇ ಸಾಲಿನಲ್ಲಿ ನಿಂತು ನೋಟು ಎಣಿಸಿ ಕೊಟ್ಟು ಹಾಲು ಒಯ್ಯುವ ಹೆಂಗಸಿನ ಮಗುವೂ ಕಾಲೇಜಿಗೆ ಹೋಗಬೇಕಲ್ಲ. ಆಕೆ ಕೊಟ್ಟದ್ದರಲ್ಲಿ ಒಂದು ಪಾಲು ನಮ್ಮ ಮಗುವಿನ ಖಾತೆಗೆ ಬಂದಿದೆ ಎಂದು ತಿಳಿದ ಮೇಲೆ ಆ 1 ಡಾಲರ್ 8 ಸೆಂಟ್ ನನಗೆ ಹಗುರವಾಗಿ ಕಾಣಲಿಲ್ಲ.

ಇಂಥದ್ದೇ ಸಣ್ಣ ಮೊತ್ತಗಳ ಮೇಲೆ ಕಟ್ಟಿದ ಇನ್ನೊಂದು ಏರ್ಪಾಡನ್ನು ಕರಾವಳಿಯ ಜನ ಬಹಳ ಹಿಂದೆಯೇ ಕಂಡಿದ್ದರು. ಉಡುಪಿಯಲ್ಲಿ ಟಿ.ಎಂ.ಎ. ಪೈ ಮತ್ತು ಜೊತೆಗಾರರು 1925ರಲ್ಲಿ ಕಟ್ಟಿದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕ್) 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟ್ ದಿನವೂ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಈಸಿಕೊಂಡು ಹೋಗುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು, 'ಪಿಗ್ಮಿ ಕಟ್ಟುವುದು' ಎಂಬ ಮಾತು ಮಾತ್ರ ನಮ್ಮ ಪೇಟೆಗಳಲ್ಲಿ ಉಳಿದಿದೆ. ಹೂ ಮಾರುವವಳು ಪಿಗ್ಮಿ ಕಟ್ಟಬೇಕಾದರೆ ಆ ಹಣವನ್ನು ಖರ್ಚಿನಿಂದ ಬಿಡಿಸಿ ಇಡಬೇಕಿತ್ತು. ಮುಷ್ಟಿ ಅಕ್ಕಿಯ ರೂಢಿಯಲ್ಲೂ ಇದೇ ಕ್ರಮ: ಅನ್ನಕ್ಕಿಡುವ ಮೊದಲು ಅಳೆದ ಅಕ್ಕಿಯಿಂದ ಒಂದು ಹಿಡಿ ಬೇರೆ ಪಾತ್ರೆಗೆ, ಮಿಕ್ಕದ್ದು ಒಲೆಗೆ. ಕಾರ್ಡಿನ ಉಳಿತಾಯದಲ್ಲಿ ಅಕ್ಕಿಯೆಲ್ಲ ಬೆಂದು, ಉಂಡು ಆದ ಮೇಲೆ ಎಲೆಯಲ್ಲಿ ಉಳಿದ ಅಗುಳನ್ನು ಆರಿಸುತ್ತೇವೆ. ಅಗುಳು ಹೆಚ್ಚು ಬೇಕೆಂದರೆ ಹೆಚ್ಚು ಬಡಿಸಿಕೊಳ್ಳಬೇಕು.

ಇದಕ್ಕೆ ಎದುರಾಗಿ ಒಂದು ಗಟ್ಟಿ ಮಾತಿದೆ. ಖಾತೆಯಲ್ಲಿ ಎಷ್ಟಿದೆ ಎಂಬುದಕ್ಕಿಂತ ಖಾತೆ ಇದೆ ಎಂಬುದೇ ಮಗುವನ್ನು ಬದಲಿಸುತ್ತದೆ ಎನ್ನುತ್ತಾರೆ ಈ ಕ್ಷೇತ್ರದಲ್ಲಿ ದುಡಿದವರು. ಒಕ್ಲಹೋಮಾ ರಾಜ್ಯದಲ್ಲಿ 2007ರಲ್ಲಿ ಹುಟ್ಟಿದ ಮಕ್ಕಳಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದ ಒಂದು ಗುಂಪಿಗೆ ತಲಾ 1,000 ಡಾಲರ್ ಹಾಕಿ ಖಾತೆ ತೆರೆದರು. ಆ ಮಕ್ಕಳಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಬಡ ಕುಟುಂಬಗಳಲ್ಲಿ ಅವರ ಸಾಮಾಜಿಕ, ಭಾವನಾತ್ಮಕ ಬೆಳವಣಿಗೆ ಖಾತೆ ಇಲ್ಲದ ಮಕ್ಕಳಿಗಿಂತ ಚೆನ್ನಾಗಿದ್ದುದು ಕಂಡಿತು. ಹಣದಲ್ಲಿ ಇನ್ನೂ ಒಂದು ಸೆಂಟೂ ಖರ್ಚಾಗಿರಲಿಲ್ಲ. ನನ್ನ ಮಗು ಓದುತ್ತದೆ ಎಂದು ತಾಯಿ ನಂಬಿದರೆ ಮನೆಯ ಮಾತುಕತೆಯೇ ಬೇರೆಯಾಗುತ್ತದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಾರ್ಡಿನ ಪರವಾಗಿ ಹೇಳಬಹುದಾದ ಅತ್ಯಂತ ಒಳ್ಳೆಯ ಮಾತೂ ಇದೇ: ಅದು ಖಾತೆ ತೆರೆಸುತ್ತದೆ, ತಿಂಗಳಿಗೊಮ್ಮೆಯಾದರೂ ನೆನಪಿಸುತ್ತದೆ.

ಆದರೆ ಒಕ್ಲಹೋಮಾದ ತಾಯಂದಿರು ಆ ಖಾತೆಗಾಗಿ ಏನನ್ನೂ ಕೊಳ್ಳಬೇಕಿರಲಿಲ್ಲ. ಮೇನ್ ರಾಜ್ಯದಲ್ಲಿ ಹೆರಾಲ್ಡ್ ಆಲ್ಫಂಡ್ ಎಂಬ ಶೂ ಕಾರ್ಖಾನೆಯ ಒಡೆಯ ಬಿಟ್ಟುಹೋದ ದತ್ತಿಯಿಂದ ಆ ರಾಜ್ಯದಲ್ಲಿ ಹುಟ್ಟುವ ಮಕ್ಕಳಿಗೆ 500 ಡಾಲರ್ ಸಿಗುತ್ತದೆ. ಅಲ್ಲಿಯೂ ಅಷ್ಟೇ, ಬಡವರ ಮಗು, ಸಿರಿವಂತರ ಮಗು ಎಂಬ ಭೇದವಿಲ್ಲ, ಅಂಗಡಿಯ ಚೀಟಿ ಕೇಳುವುದಿಲ್ಲ. ಅಪ್‌ಪ್ರಾಮಿಸ್ ಕೇಳಿದ್ದು ಚೀಟಿಯನ್ನಷ್ಟೇ ಅಲ್ಲ. ಅದರ ಬ್ರೌಸರ್ ಟೂಲ್‌ಬಾರ್ ಗ್ರಾಹಕರಿಗೆ ಸರಿಯಾಗಿ ತಿಳಿಸದೆ ಅವರ ಖಾಸಗಿ ಮಾಹಿತಿ ಸಂಗ್ರಹಿಸುತ್ತಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿ 2012ರಲ್ಲಿ ರಾಜಿಯಾಯಿತು. ಆ ರಾಜಿಯ ಆದೇಶ ಮುರಿದ ಆರೋಪಕ್ಕೆ 2017ರಲ್ಲಿ ಕಂಪನಿ 5 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು. ಮಕ್ಕಳ ಓದಿಗೆಂದು ನಂಬಿ ಬಂದ ಮನೆಗಳ ಮಾಹಿತಿಯದು.

ಹಾಗಾದರೆ ಕಾರ್ಡ್ ಎಸೆದುಬಿಡಬೇಕೆ? ಹೇಗೂ ಕೊಳ್ಳುವ ಅಕ್ಕಿಬೇಳೆಗೆ, ತಿಂಗಳ ಕೊನೆಗೆ ಬಾಕಿಯಿಲ್ಲದೆ ತೀರಿಸುವ ಮನೆಯಲ್ಲಿ, ಬರುವ ಹಣವನ್ನು ಬೇಡ ಎನ್ನುವಂತೆ ನಾನು ಹೇಳಲಾರೆ. ಅದನ್ನು ರಿಯಾಯಿತಿ ಎಂದು ಕರೆಯೋಣ. ಕನ್ನಡದಲ್ಲಿ ಉಳಿದದ್ದಕ್ಕೇ ಉಳಿತಾಯ ಎನ್ನುವುದು. ಹೆಸರು ಸರಿಯಾದರೆ ಎರಡನೆಯ ಡಬ್ಬ ತಾನಾಗಿ ಶೆಲ್ಫಿನಲ್ಲೇ ಕೂರುತ್ತದೆ.

ಇದನ್ನೆಲ್ಲ ತಂಗಿಯ ಜೊತೆ ಅಡುಗೆಮನೆಯಲ್ಲಿ ರಾತ್ರಿ ಹನ್ನೊಂದರ ತನಕ ಮಾತಾಡಿದೆ. ಅವಳು ಕಾರ್ಡ್ ಬಿಡಲಿಲ್ಲ. ಆದರೆ ಸಂಬಳ ಬಂದ ಮರುದಿನ ಬೆಳಿಗ್ಗೆಯೇ 50 ಡಾಲರ್ ತಾನಾಗಿ ಮಗಳ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಏರ್ಪಾಡು ಮಾಡಿದಳು. ಮೊನ್ನೆ ತಿಂಗಳ ಲೆಕ್ಕದ ಚಿತ್ರ ಕಳಿಸಿದ್ದಳು. ಅದರಲ್ಲಿ ಎರಡು ಸಾಲು: ಒಂದರಲ್ಲಿ 50, ಕೆಳಗೆ 9 ಡಾಲರ್ 60 ಸೆಂಟ್.