ಕರುಣೆ ಹುಟ್ಟುಗುಣವಷ್ಟೇ ಅಲ್ಲ, ಕಲಿಯುವ ಕೆಲಸ

ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ದೇವಾಪುರ, ಸುರಪುರ, ಶಹಾಪುರ ಕಡೆಯ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ನರ್ಸಿಂಗ್ ಹಚ್ರಿ, ಲಗೂ ನೌಕ್ರಿ ಸಿಗ್ತದ.’ ಮಾತು ಸುಳ್ಳಲ್ಲ. ಜಿಎನ್‌ಎಂ 3 ವರ್ಷ, ಬಿ.ಎಸ್ಸಿ ನರ್ಸಿಂಗ್ 4 ವರ್ಷ. ಮುಗಿಸಿದರೆ ಬೆಂಗಳೂರು, ಹೈದರಾಬಾದ್‌ನಿಂದ ಹಿಡಿದು ಕೊಲ್ಲಿ ದೇಶಗಳವರೆಗೆ ದಾರಿ ಇದೆ. ನಮ್ಮ ಭಾಗದವರಿಗೆ ಸರ್ಕಾರಿ ನೇಮಕಾತಿಯಲ್ಲಿ 371 (ಜೆ) ಮೀಸಲಾತಿಯೂ ಇದೆ.

ಆದರೆ ನರ್ಸ್ ಮಾಡುವ ಕೆಲಸ ಏನು ಎಂದು ಕೇಳಿ ನೋಡಿ. ‘ಸೂಜಿ ಮಾಡೋದು, ಸಲೈನ್ ಹಚ್ಚೋದು’ ಎನ್ನುತ್ತಾರೆ ಕೆಲವರು. ಇನ್ನು ಕೆಲವರು ‘ಅದು ದೇವರ ಸೇವೆ’ ಎನ್ನುತ್ತಾರೆ. ಮೊದಲನೆಯ ಉತ್ತರ ಕೆಲಸವನ್ನು ಕುಗ್ಗಿಸುತ್ತದೆ. ಎರಡನೆಯದು ಅದನ್ನು ಪೂಜೆಯ ಜಗಲಿ ಮೇಲೆ ಕೂರಿಸಿ, ಸಂಬಳದ ಮಾತು ಬಂದಾಗ ಬಾಯಿ ಮುಚ್ಚಿಸುತ್ತದೆ. ನರ್ಸ್‌ನ ಕರುಣೆ ಇವೆರಡೂ ಅಲ್ಲ. ಅದು ಕಲಿತು, ದಿನವೂ ತಪ್ಪದೆ ಮಾಡಬೇಕಾದ ಕೆಲಸ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ರಾಜ್ಯದ ಹೆಣ್ಣುಮಗಳೊಬ್ಬಳ ಕಥೆಯೇ ಇದೆ. ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿ ಕಟ್ಟುವ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ದೌರ್ಜನ್ಯ ಎಸಗಿದ. ಮೆದುಳಿಗೆ ಆಮ್ಲಜನಕ ನಿಂತು ಅವರ ಮಾತು, ನಡೆದಾಟ ಎಲ್ಲವೂ ಹೋಯಿತು. ಅಲ್ಲಿಂದ 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅವರನ್ನು ನೋಡಿಕೊಂಡವರು ಕೆಇಎಂನ ನರ್ಸ್‌ಗಳು. ಅರುಣಾ ಜೊತೆ ಕೆಲಸ ಮಾಡಿದವರು ನಿವೃತ್ತರಾದರು. ಅವರನ್ನು ಒಮ್ಮೆಯೂ ಆರೋಗ್ಯವಾಗಿ ಕಂಡಿರದ ಹೊಸ ಹುಡುಗಿಯರು ಬಂದರು. ಆರೈಕೆ ಮಾತ್ರ ನಿಲ್ಲಲಿಲ್ಲ. ಹಾಸಿಗೆ ತೆರವು ಮಾಡಿಸಲು ಪಾಲಿಕೆ ಮುಂದಾದಾಗ ನರ್ಸ್‌ಗಳೇ ಪ್ರತಿಭಟನೆಗೆ ನಿಂತು ಅದನ್ನು ತಡೆದರು.

ಅವರ ದಯಾಮರಣದ ಅರ್ಜಿ ಸುಪ್ರೀಂ ಕೋರ್ಟ್‌ಗೆ ಬಂತು. 2011ರ ಮಾರ್ಚ್ 7ರಂದು ಅರ್ಜಿಯನ್ನು ತಿರಸ್ಕರಿಸಿದ ತೀರ್ಪಿನಲ್ಲಿ ನ್ಯಾಯಾಲಯ ಈ ಸಿಬ್ಬಂದಿಯನ್ನು ಮನಸಾರೆ ಮೆಚ್ಚಿಕೊಂಡಿತು. ಆ ಸ್ಥಿತಿಯಲ್ಲಿ ಬದುಕನ್ನು ಮುಂದುವರಿಸುವುದು ಸರಿಯೇ ಎಂಬ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ, ಇರಲಿ. ನಮ್ಮ ಮಾತಿಗೆ ಮುಖ್ಯವಾದದ್ದು ಆ ಪ್ರಕರಣದಲ್ಲಿ ದಾಖಲಾದ ಒಂದು ಸಂಗತಿ: ಅಷ್ಟು ವರ್ಷ ಮಲಗಿದ್ದರೂ ಅರುಣಾ ಅವರ ಮೈಮೇಲೆ ಹಾಸಿಗೆ ಹುಣ್ಣು ಆಗಿರಲಿಲ್ಲ.

ಮನೆಯಲ್ಲಿ ಲಕ್ವ ಹೊಡೆದ ಅಜ್ಜನನ್ನು ನೋಡಿಕೊಂಡವರಿಗೆ ಇದರ ಬೆಲೆ ಗೊತ್ತು. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಮೂಳೆ ಒತ್ತಿದ ಜಾಗಕ್ಕೆ ರಕ್ತ ಹರಿಯುವುದಿಲ್ಲ. ಮೊದಲು ಚರ್ಮ ಕೆಂಪಾಗುತ್ತದೆ, ಆಮೇಲೆ ಒಡೆದು ಹುಣ್ಣಾಗುತ್ತದೆ. ಅದನ್ನು ತಡೆಯಬೇಕೆಂದರೆ ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಬೇಕು, ಮೈ ಒದ್ದೆಯಾಗದಂತೆ ನೋಡಿಕೊಳ್ಳಬೇಕು, ಹಾಸಿಗೆಯ ಸುಕ್ಕು ತೆಗೆಯಬೇಕು, ಹೊಟ್ಟೆಗೆ ಸರಿಯಾಗಿ ಕೊಡಬೇಕು. ರಾತ್ರಿ ಪಾಳಿಯವರು ಮರೆತರೆ ಬೆಳಗಿನ ಪಾಳಿಯವರ ಶ್ರಮವೂ ನೀರುಪಾಲು. ಅಷ್ಟು ವರ್ಷ ಒಂದು ಹುಣ್ಣೂ ಆಗಲಿಲ್ಲ ಎಂದರೆ ಯಾವ ಪಾಳಿಯೂ ಅವರನ್ನು ಮರೆಯಲಿಲ್ಲ ಎಂದರ್ಥ. ಕರುಣೆಯನ್ನು ಅಳೆಯಲು ಇದಕ್ಕಿಂತ ನಿಖರವಾದ ಅಳತೆಗೋಲು ಬೇಕೆ?

ಅವರು ನೋಡಿಕೊಂಡದ್ದು ಮೈಯೊಂದನ್ನೇ ಅಲ್ಲ. ಕರಾವಳಿಯ ಈ ಹೆಣ್ಣುಮಗಳಿಗೆ ಮೀನೂಟ ಇಷ್ಟ ಎಂಬುದನ್ನು ಗಮನಿಸಿ ಇಟ್ಟುಕೊಂಡಿದ್ದರು. ಮಾತಾಡದ ರೋಗಿಗೂ ರುಚಿ ಇದೆ, ಇಷ್ಟಾನಿಷ್ಟಗಳಿವೆ ಎಂದು ನೆನಪಿಡುವುದೇ ಇಡೀ ಮನುಷ್ಯನನ್ನು ನೋಡುವ ಆರೈಕೆ.

ವೈದ್ಯಲೋಕ ಇದಕ್ಕೊಂದು ಹೆಸರು ಕೊಟ್ಟಿದೆ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ ಆದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಎಂಬ ಆರೈಕೆ ಕೇಂದ್ರ ತೆರೆದರು. ಅವರು ಹೇಳಿದ್ದು ‘ಸಮಗ್ರ ನೋವು’ ಎಂಬ ವಿಚಾರ. ರೋಗಿಯ ನೋವು ಮೈಯದ್ದಷ್ಟೇ ಅಲ್ಲ. ಮನಸ್ಸಿನದ್ದು, ಮನೆಯವರ ಚಿಂತೆಯದ್ದು, ನಂಬಿಕೆಯದ್ದು ಎಲ್ಲ ಸೇರಿ ಒಂದೇ ನೋವಾಗಿರುತ್ತದೆ. ಬರೀ ಗುಳಿಗೆ ಕೊಟ್ಟರೆ ಒಂದು ಪಾಲು ಮಾತ್ರ ಇಳಿಯುತ್ತದೆ. ಬೆಂಗಳೂರಿನ ಕರುಣಾಶ್ರಯ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿರುವುದು ಇದೇ ದಾರಿಯಲ್ಲಿ.

ಈ ವಿಚಾರವನ್ನು ನಮ್ಮ ಊರಿಗೆ ತಂದು ನೋಡೋಣ. ನಮ್ಮಲ್ಲಿ ರೋಗಿ ಒಬ್ಬನೇ ಆಸ್ಪತ್ರೆಗೆ ಹೋಗುವುದಿಲ್ಲ. ಹೆಂಡತಿ, ಅಣ್ಣ, ಅತ್ತೆ, ರೊಟ್ಟಿ ಗಂಟು ಎಲ್ಲವೂ ಜೊತೆಗೆ ಹೋಗುತ್ತವೆ. ಸುರಪುರದಿಂದ ಯಾದಗಿರಿಗೆ, ಅಲ್ಲಿಂದ ಕಲಬುರಗಿಗೆ ಕಳಿಸುವಾಗ ಒಂದೊಂದು ಊರಿಗೂ ಸಾಲ ಬೆಳೆಯುತ್ತದೆ. ಗುಳೆ ಹೋದ ಮಗನಿಗೆ ಸುದ್ದಿ ಮುಟ್ಟಿತೋ ಇಲ್ಲವೋ ಎಂಬ ಚಿಂತೆ, ಹೊಲದಲ್ಲಿ ಬಿಡಿಸದೆ ಬಿಟ್ಟು ಬಂದ ಹತ್ತಿಯ ಚಿಂತೆ. ‘ಗುಳಿಗಿ ತಗೊಂಡಿಲ್ಲ ಯಾಕ?’ ಎಂದು ಗದರಿಸಿದರೆ ಆ ಮುದುಕಿ ಸುಮ್ಮನಾಗುತ್ತಾಳೆ. ‘ಯವ್ವಾ, ಉಂಡಿಯೇನು? ಮನ್ಯಾಗ ಯಾರದಾರ?’ ಎಂದು ಕೇಳಿದರೆ ಗುಳಿಗೆ ಕೊಳ್ಳಲು ರೊಕ್ಕ ಇರಲಿಲ್ಲ ಎಂಬುದು ಹೊರಬರುತ್ತದೆ. ಆ ಒಂದು ಪ್ರಶ್ನೆಯೂ ಚಿಕಿತ್ಸೆಯ ಭಾಗವೇ.

ಇಲ್ಲಿ ನಮ್ಮ ಭಾಗದ ಹುಡುಗ–ಹುಡುಗಿಯರಿಗೆ ಒಂದು ಬಲವಿದೆ. ಇಂಗ್ಲಿಷ್ ಬರುವುದಿಲ್ಲ, ನಮ್ಮ ಕನ್ನಡ ಒರಟು ಎಂದು ನಾವೇ ಹಿಂಜರಿಯುತ್ತೇವೆ. ಆದರೆ ಕಲಬುರಗಿಯ ವಾರ್ಡಿನಲ್ಲೋ ಬೆಂಗಳೂರಿನ ಐಸಿಯು ಬಾಗಿಲಲ್ಲೋ ಕಂಗಾಲಾಗಿ ನಿಂತ ಸುರಪುರದ ತಾಯಿಗೆ ಅವಳದೇ ಮಾತಿನಲ್ಲಿ ‘ಅಂಜಬ್ಯಾಡ್ರಿ, ಈಗ ಹಿಂಗ ಅದ, ಮುಂದ ಹಿಂಗ ಮಾಡ್ತೀವಿ’ ಎಂದು ತಿಳಿಸುವವರು ಯಾರು? ಇಂಗ್ಲಿಷ್ ಕಲಿಯಲೇಬೇಕು, ಅನುಮಾನ ಬೇಡ. ಆದರೆ ಊರ ಮಾತು, ಊರ ಕಷ್ಟ ಗೊತ್ತಿರುವುದೂ ಒಂದು ಅರ್ಹತೆಯೇ. ಇದು ಹೆಣ್ಣುಮಕ್ಕಳಿಗಷ್ಟೇ ಹೇಳುವ ಮಾತಲ್ಲ. ಗಂಡುಹುಡುಗರಿಗೂ ಅಷ್ಟೇ ಸಲ್ಲುತ್ತದೆ.

ಆದರೆ ಇದಕ್ಕೆಲ್ಲ ಪುರುಸೊತ್ತು ಬೇಕು. ಬೋಧನಾ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ನರ್ಸ್ ಇರಬೇಕು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ತುಂಬಿದ ವಾರ್ಡಿಗೆ ಒಬ್ಬರನ್ನೇ ನಿಲ್ಲಿಸಿ ‘ಸಿಸ್ಟರ್ ಸಿಡುಕುತ್ತಾರೆ’ ಎಂದು ದೂರಿದರೆ ನ್ಯಾಯವಲ್ಲ. ಸಂಬಳದ ಪ್ರಶ್ನೆಯೂ ಹೀಗೆಯೇ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗಳ ಸಂಬಳ ತಿಂಗಳಿಗೆ ₹20 ಸಾವಿರಕ್ಕಿಂತ ಕಡಿಮೆ ಇರಬಾರದು, 200ಕ್ಕೂ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ನರ್ಸ್‌ಗಳಿಗೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ಕೆಲಸಕ್ಕೆ ಸೇರುವ ಮುನ್ನ ಈ ಅಂಕಿಗಳು ನಿಮಗೆ ಗೊತ್ತಿರಲಿ. ಸಂಬಳ ಕೇಳುವುದು ಸೇವಾಭಾವಕ್ಕೆ ವಿರುದ್ಧವಲ್ಲ. ದಣಿದು ಹಸಿದವರಿಂದ ಯಾರಿಗೂ ಆರೈಕೆ ಸಾಧ್ಯವಿಲ್ಲ.

ಈ ವರ್ಷ ಅರ್ಜಿ ಹಾಕುತ್ತಿರುವ ಗೆಳೆಯ–ಗೆಳತಿಯರೇ, ಕಾಲೇಜು ಆರಿಸುವಾಗ ಕಟ್ಟಡ ನೋಡಿ ಮರುಳಾಗಬೇಡಿ. ಕಲಿಯಲು ರೋಗಿಗಳಿರುವ ಆಸ್ಪತ್ರೆ ಇದೆಯೇ, ವಾರ್ಡಿನಲ್ಲಿ ಪಕ್ಕದಲ್ಲಿ ನಿಂತು ಹೇಳಿಕೊಡುವವರು ಇದ್ದಾರೆಯೇ ಎಂದು ವಿಚಾರಿಸಿ. ರೋಗಿಯ ಮಗ್ಗುಲು ಹೇಗೆ ಬದಲಿಸಬೇಕು, ಕೆಟ್ಟ ಸುದ್ದಿ ಕೇಳಿದ ಮನೆಯವರ ಎದುರು ಹೇಗೆ ಕೂರಬೇಕು ಎಂಬುದನ್ನು ಪುಸ್ತಕವೊಂದೇ ಕಲಿಸುವುದಿಲ್ಲ. ಬೇಗ ನೌಕರಿ ಸಿಗುತ್ತದೆ ಎಂದೇ ಈ ದಾರಿಗೆ ಬಂದರೂ ತಪ್ಪಿಲ್ಲ. ಹೊಟ್ಟೆಪಾಡು ಎಲ್ಲರಿಗೂ ಇದೆ. ಬಂದ ಮೇಲೆ ಮಾತ್ರ ಹಾಸಿಗೆ ನಂಬರ್ ಓದುವ ಮೊದಲು ಅಲ್ಲಿ ಮಲಗಿದವರ ಹೆಸರು ಓದಿ.